ಕಪಾಟಿನ ನೆತ್ತಿಯ ಮೇಲೊಂದು ಅಟ್ಟ

ನಮ್ಮ ಅಡಿಗೆಮನೆಯ ಗೋಡೆ ಕಪಾಟಿನ ನೆತ್ತಿಗೂ ಮೇಲಿನ ಸ್ಲ್ಯಾಬಿಗೂ ನಡುವೆ ಎರಡೂಮುಕ್ಕಾಲು ಅಡಿ ಖಾಲಿ ಬಿದ್ದಿತ್ತು. ಉದ್ದ ಹನ್ನೊಂದು ಅಡಿ, ಅಗಲ ಒಂದಡಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತ ಈಗ ಕಟ್ಟುವ ಟೆರೇಸು ಮನೆಗಳಲ್ಲಿ ಹೆಚ್ಚಾಗಿ ಹೀಗೇ. ಕೋಣೆಯ ಎತ್ತರ ಹತ್ತಡಿಯ ಹತ್ತಿರ, ಕಪಾಟು ಏಳಡಿಗೆ ಮುಗಿಯುತ್ತದೆ, ಅದರ ಮೇಲೆ ಧೂಳು ಮತ್ತು ಜೇಡರಬಲೆ.

ಹಳೆಯ ಹೆಂಚಿನ ಮನೆಯಲ್ಲಿ ಒಲೆಯ ನೇರ ಮೇಲಕ್ಕೆ ಅಟ್ಟವಿತ್ತು. ಹಲಸಿನ ಹಪ್ಪಳ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸು, ಮಾವಿನ ರಸ ಒಣಗಿಸಿದ ಮಾಂಬಳ, ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿ, ಒಣಗಿದ ಪುನರ್ಪುಳಿ (ಕೋಕಂ) ಸಿಪ್ಪೆ ಎಲ್ಲವೂ ಅಲ್ಲಿಯೇ. ಹೊಗೆ ತಾಗುತ್ತಿದ್ದುದರಿಂದ ಹುಳ ಕಡಿಮೆ, ಆಟಿ ತಿಂಗಳ ಜಡಿಮಳೆಯಲ್ಲೂ ಸಾಮಾನು ಬೆಚ್ಚಗಿರುತ್ತಿತ್ತು. ಹೊಸ ಮನೆಯಲ್ಲಿ ಹೊಗೆಯೂ ಇಲ್ಲ, ಅಟ್ಟವೂ ಇಲ್ಲ. ಆದರೆ ಬೇಸಗೆಯಲ್ಲಿ ಒಣಗಿಸಿ ಮಳೆಗಾಲಕ್ಕೆ ಇಡುವ ಅಭ್ಯಾಸವನ್ನು ನಾವು ಬಿಟ್ಟಿಲ್ಲ, ಬಿಡುವ ಮನಸ್ಸೂ ಇಲ್ಲ. ಆ ಸಾಮಾನಿಗೆ ಜಾಗ ಬೇಕಿತ್ತು. ಕಪಾಟಿನ ಮೇಲೆ ಪ್ಲಾಸ್ಟಿಕ್ ಹೂವು, ಬಣ್ಣದ ಬುಟ್ಟಿ ಇಟ್ಟು ಚಂದ ಮಾಡುವವರನ್ನು ನೋಡಿದ್ದೇನೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಎಣ್ಣೆಜಿಡ್ಡಿನ ಮೇಲೆ ಧೂಳು, ಧೂಳಿನ ಮೇಲೆ ಬೂಷ್ಟು ಕೂರಲು ಒಂದು ಮಳೆಗಾಲ ಸಾಕು. ಅಲ್ಲಿ ಇಡುವುದಾದರೆ ಕೆಲಸಕ್ಕೆ ಬರುವುದನ್ನೇ ಇಡಬೇಕೆಂದು ನಿಶ್ಚಯಿಸಿದೆ.

ಹಲಗೆ ತರುವ ಮೊದಲು ಬಿಸಿ ನೋಡಿದೆ. ಗೋಡೆಗೆ ನೇತುಹಾಕುವ ಒಂದು ಥರ್ಮಾಮೀಟರನ್ನು ಮೇಲಿಟ್ಟು ಅಡಿಗೆಯ ಹೊತ್ತಿನಲ್ಲಿ ಓದಿದಾಗ, ಕಟ್ಟೆಯ ಮಟ್ಟಕ್ಕಿಂತ ಅಲ್ಲಿ ನಾಲ್ಕೈದು ಡಿಗ್ರಿ ಹೆಚ್ಚು. ಬಿಸಿಗಾಳಿ ಮೇಲೇರಿ ಸ್ಲ್ಯಾಬಿನ ಕೆಳಗೆ ನಿಲ್ಲುತ್ತದೆ. ಬೇಸಗೆಯ ಮಧ್ಯಾಹ್ನ ಟೆರೇಸಿನ ಬಿಸಿಯೂ ಅದಕ್ಕೆ ಸೇರುತ್ತದೆ. ತೆಂಗಿನೆಣ್ಣೆ, ತುಪ್ಪ, ಸಾರಿನ ಪುಡಿ, ಮದ್ದಿನ ಬಾಟಲಿ ಯಾವುದೂ ಮೇಲೆ ಹೋಗಬಾರದು. ಎಣ್ಣೆ ಕನರುತ್ತದೆ, ಪುಡಿಯ ಪರಿಮಳ ಹಾರಿಹೋಗುತ್ತದೆ. ಚೆನ್ನಾಗಿ ಒಣಗಿಸಿ ಬಿಗಿ ಡಬ್ಬಿಗೆ ಹಾಕಿದ ಹಪ್ಪಳ, ಸಾಂತಾಣಿಗಳಿಗೆ ಮಾತ್ರ ಆ ಬೆಚ್ಚಗಿನ ಜಾಗ ಒಳ್ಳೆಯದು. ಸ್ಟವ್‌ನ ನೇರ ಮೇಲೆ ಆವಿ, ಜಿಡ್ಡು ಎರಡೂ ಬಡಿಯುವುದರಿಂದ ಅಷ್ಟು ಭಾಗವನ್ನು ಪಾತ್ರೆಗಳಿಗೆ ಬಿಟ್ಟು, ತಿನ್ನುವ ವಸ್ತುವನ್ನು ಆಚೆ ತುದಿಗೆ ಸರಿಸಿದೆ.

ಭಾರದ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚು ತಲೆ ಕೊಟ್ಟೆ. ಅಲ್ಯೂಮಿನಿಯಂ ಕೆಲಸದ ಹುಡುಗ ಬಂದು ನೋಡಿ, "ಅಕ್ಕ, ಕಪಾಟಿನ ಮೇಲೆಯೇ ಇಟ್ಟರೆ ಆಯ್ತಲ್ಲ, ಹಲಗೆ ಗಟ್ಟಿ ಉಂಟು" ಎಂದ. ಹಲಗೆ ಗಟ್ಟಿ ಇರಬಹುದು. ಆದರೆ ಗೋಡೆ ಕಪಾಟು ನೆಲದ ಮೇಲೆ ನಿಂತದ್ದಲ್ಲ, ಗೋಡೆಗೆ ತಿರುಗಿಸಿದ ಕೆಲವು ಸ್ಕ್ರೂಗಳಲ್ಲಿ ನೇತಾಡುವಂಥದ್ದು. ಒಳಗಿನ ತಟ್ಟೆ, ಡಬ್ಬಿಗಳ ಭಾರವನ್ನೇ ಅವು ಹೊತ್ತಿವೆ. ಅದರ ಮೇಲೆ ಆರೇಳು ಕಿಲೋದ ಕಂಚಿನ ಉರುಳಿ ಪಾತ್ರೆ ಕೂರಿಸುವ ಧೈರ್ಯ ನನಗಿಲ್ಲ. ನಮ್ಮ ಗೋಡೆಯೋ ಕೆಂಪುಕಲ್ಲಿನದು. ಮುರಕಲ್ಲಿನ ಮೈತುಂಬ ತೂತು, ಡ್ರಿಲ್ ಹಾಕಿದರೆ ಒಳಗೆ ಉದುರುತ್ತದೆ, ಪ್ಲಗ್ ಸಡಿಲಾಗುತ್ತದೆ.

ದಾರಿ ಇದ್ದದ್ದು ಲಿಂಟಲಿನಲ್ಲಿ. ಬಾಗಿಲು ಕಿಟಕಿಗಳ ಮೇಲೆ, ಏಳಡಿಯ ಮಟ್ಟದಲ್ಲಿ, ಮನೆಯ ಸುತ್ತಲೂ ಸುಮಾರು ಅರ್ಧ ಅಡಿ ದಪ್ಪದ ಕಾಂಕ್ರೀಟು ಹಾಕಿಸಿದ್ದೆವು. ಕಪಾಟಿನ ನೆತ್ತಿಯೂ ಸರಿಯಾಗಿ ಅಲ್ಲಿಗೇ ಮುಗಿಯುತ್ತದೆ. ಅಂದರೆ ಬೇಕಾದ ಎತ್ತರದಲ್ಲೇ ಗಟ್ಟಿ ಕಾಂಕ್ರೀಟು ಗಾರೆಯ ಹಿಂದೆ ಕಾಯುತ್ತಿದೆ. ನಿಮ್ಮ ಮನೆಯಲ್ಲಿ ಅದು ಎಲ್ಲಿದೆ ಎಂದು ತಿಳಿಯುವುದು ಸುಲಭ. ಸಣ್ಣ ಬಿಟ್ಟಿನಿಂದ ತೂತು ಕೊರೆದು ಉದುರುವ ಪುಡಿ ನೋಡಿ. ಕೆಂಪು ಪುಡಿ ಬಂದರೆ ಕಲ್ಲು, ಗಾರೆ ದಾಟಿದ ಮೇಲೂ ಬೂದು ಪುಡಿಯೇ ಬರುತ್ತಿದ್ದರೆ ಲಿಂಟಲು. ಸ್ವಿಚ್‌ಬೋರ್ಡಿನ ನೇರ ಮೇಲಕ್ಕೆ ಕೊರೆಯಬೇಡಿ, ವಯರಿನ ಪೈಪು ಹೆಚ್ಚಾಗಿ ಆ ಗೆರೆಯಲ್ಲೇ ಹೋಗುತ್ತದೆ. ಸ್ಲ್ಯಾಬಿನೊಳಗೂ ಪೈಪು ಹಾಯ್ದಿರುವುದರಿಂದ ಮೇಲಿನಿಂದ ಕಂಬಿ ಇಳಿಬಿಡುವ ಯೋಚನೆಯನ್ನು ಕೈಬಿಟ್ಟೆ.

ಒಂದಿಂಚಿನ ಚದರ ಜಿಐ (ಸತು ಲೇಪದ ಕಬ್ಬಿಣ) ಪೈಪಿನಲ್ಲಿ ಎಲ್ ಆಕಾರದ ತೋಳುಗಳನ್ನು ವೆಲ್ಡ್ ಮಾಡಿಸಿ, ಎರಡೆರಡು ಅಡಿಗೆ ಒಂದರಂತೆ ಲಿಂಟಲಿಗೆ ಆಂಕರ್ ಬೋಲ್ಟಿನಲ್ಲಿ ಬಿಗಿಸಿದೆವು. ವೆಲ್ಡ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟುಹೋಗುತ್ತದೆ. ಅಲ್ಲಿ ಪ್ರೈಮರ್ ಹೊಡೆಯದಿದ್ದರೆ ನಮ್ಮ ಹವೆಗೆ ತುಕ್ಕು ಖಂಡಿತ. ತೋಳುಗಳಿಗೂ ಕಪಾಟಿಗೂ ನಡುವೆ ಎರಡು ಬೆರಳು ಸಂದು ಬಿಟ್ಟಿದ್ದೇವೆ. ಮೇಲಿನ ಭಾರ ಕಪಾಟಿಗೆ ತಾಗುವುದೇ ಇಲ್ಲ.

ಮೇಲೆ ಹಾಸಲು ಪ್ಲೈವುಡ್ ತರುವ ಮಾತು ಬಂತು. ತರುವುದಾದರೆ ಐಎಸ್ 710 ಗುರುತಿನ ಮರೈನ್ ಪ್ಲೈಯೇ ಆಗಬೇಕು, ಪಾರ್ಟಿಕಲ್ ಬೋರ್ಡು ನೀರಿನಂಶ ಹೀರಿ ಊದುತ್ತದೆ. ಆದರೆ ತೋಟದಲ್ಲಿ ಗಾಳಿಗೆ ಬಿದ್ದ ಹಳೆಯ ಅಡಕೆ ಮರಗಳಿದ್ದವು. ಬಲಿತ ಮರದ ಬುಡದ ಭಾಗ ಸೀಳಿಸಿ, ಒಳಗಿನ ತಿರುಳು ತೆಗೆದು, ಕೀಸುಳಿ ಹಾಕಿಸಿ, ಚೆನ್ನಾಗಿ ಒಣಗಿಸಿ ದಬ್ಬೆಗಳನ್ನು ಬೆರಳಗಲ ಸಂದು ಬಿಟ್ಟು ಕೂರಿಸಿದೆವು. ಹಳೆಯ ಅಟ್ಟವೂ ಅಡಕೆ ದಬ್ಬೆಯದೇ. ಸಂದಿನಿಂದ ಗಾಳಿ ಆಡುತ್ತದೆ, ಡಬ್ಬಿಯ ತಳ ಬೆವರುವುದಿಲ್ಲ. ಒರಲೆಗೆ (ಗೆದ್ದಲಿಗೆ) ಹೆದರಿ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಯುವುದು ನಮ್ಮಲ್ಲಿ ವಾಡಿಕೆ. ಅದು ಮೈಗೆ ತಾಗಿದರೆ ಸುಡುತ್ತದೆ. ಉಣ್ಣುವ ವಸ್ತು ಇಡುವಲ್ಲಿ ನನಗೆ ಬೇಡವೆನಿಸಿತು. ವಾರ್ನಿಷ್ ಎರಡು ಕೈ ಕೊಟ್ಟು ಬಿಟ್ಟೆವು.

ಬಾಗಿಲು ಇಟ್ಟಿಲ್ಲ. ಮುಚ್ಚಿದ ಜಾಗದಲ್ಲಿ ಜೂನ್ ಮುಗಿಯುವುದರೊಳಗೆ ಬೂಷ್ಟು ಬರುತ್ತದೆ. ಪಡುವಣ ಗೋಡೆ ಮಳೆಗೆ ತೇವ ಹೀರುವುದರಿಂದ ಸಾಮಾನನ್ನು ಗೋಡೆಗೆ ಒತ್ತದೆ ಮುಂದಕ್ಕೆ ಇಡುತ್ತೇನೆ. ಇಲಿಗೆ ತಗಡಿನ ಡಬ್ಬಿಯೇ ಉತ್ತರ.

ಸ್ಟವ್‌ನಿಂದ ದೂರದ ಮೂಲೆಯಲ್ಲಿ ದಬ್ಬೆ ಹಾಸದೆ ಎರಡು ಪೈಪುಗಳನ್ನು ಮಾತ್ರ ಮೇಲೆತ್ತಿ ಕೂರಿಸಿದ್ದು ಬಣ್ಣದ ಸೌತೆಗಾಗಿ (ಮಂಗಳೂರು ಸೌತೆ). ಬೇಸಗೆಯ ಕೊಯ್ಲಿನ ಸೌತೆಯನ್ನು ತೊಟ್ಟು ಸಮೇತ ಕಿತ್ತು, ಪೆಟ್ಟಾಗದ್ದನ್ನು ಆರಿಸಿ, ಬಾಳೆನಾರಿನಲ್ಲಿ ಕಟ್ಟಿ ತೂಗಿದರೆ ಮಳೆಗಾಲಕ್ಕೆ ತರಕಾರಿಯ ಚಿಂತೆ ಅರ್ಧ ಕಡಿಮೆ. ಅತ್ತೆ ಮೊದಲಿಗೆ ಒಪ್ಪಲಿಲ್ಲ. "ಅಲ್ಲಿ ಗಾಳಿ ಆಡ್ತದಾ ಮೊದಲು ನೋಡು, ಇಲ್ಲದಿದ್ದರೆ ಕೊಳೆತು ತಲೆ ಮೇಲೆ ಬೀಳ್ತದೆ" ಎಂದರು. ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿ, ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆಂದು ತೋರಿಸಿದೆ. ಹೊಗೆ ಆ ಮೂಲೆಯನ್ನು ಹಾಯ್ದೇ ಹೋಯಿತು. ಮತ್ತೆ ಕಟ್ಟಿದ್ದೆಲ್ಲ ಅವರೇ. ಪ್ರತಿ ಕಾಯಿಗೂ ಬೇರೆ ನಾರು, ಒಂದಕ್ಕೊಂದು ತಾಗಬಾರದು, ಕಾಯಿಯ ಅಡಿಗೆ ನಾರು ಎರಡು ಸುತ್ತು ಬರಬೇಕು. ಅವರ ಕೈಯ ಗಂಟು ಸಡಿಲುವುದಿಲ್ಲ. ಒಂದು ಕೊಳೆತರೂ ಪಕ್ಕದ್ದಕ್ಕೆ ಹಬ್ಬುವುದಿಲ್ಲ, ಕೆಳಗೆ ಕಪಾಟಿನ ಮೇಲೆ ಹಾಸಿದ ಪೇಪರಿನಲ್ಲಿ ಹನಿ ಕಂಡ ಕೂಡಲೇ ತೆಗೆಯಬಹುದು.

ಉಳಿದಂತೆ ಮೇಲೆ ಹೋಗುವುದು ವರ್ಷಕ್ಕೊಮ್ಮೆ, ಎರಡು ಸಲ ಬೇಕಾಗುವಂಥವು. ಬಿಸು ಹಬ್ಬದ (ಸೌರ ಯುಗಾದಿ) ಕಣಿ ಇಡುವ ಉರುಳಿ, ಹಪ್ಪಳ ಒತ್ತುವ ಮಣೆ, ತಿಥಿಗೆ ಬೇಕಾಗುವ ದೊಡ್ಡ ಪಾತ್ರೆ. ಉಪ್ಪುಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಮತ್ತು ಮಿಡಿ ಉಪ್ಪಿನಕಾಯಿಯ ಭರಣಿಗಳನ್ನು ಯಾವ ಕಾರಣಕ್ಕೂ ಮೇಲಿಡುವುದಿಲ್ಲ. ತುಂಬಿದ ಭರಣಿಯ ಭಾರ ಒಂದು ಕಡೆ, ಬಿಸಿ ಇನ್ನೊಂದು ಕಡೆ. ಅವುಗಳಿಗೆ ತಣ್ಣನೆಯ ನೆಲವೇ ಸರಿ. ಏಣಿ ಮೇಲೆ ನಿಂತು ಒಂದು ಕೈಯಲ್ಲಿ ಇಳಿಸಲಾಗದ ವಸ್ತು ಏನಿದ್ದರೂ, ಕೆಳಗೆ ಇನ್ನೊಬ್ಬರು ನಿಲ್ಲದೆ ತೆಗೆಯುವುದಿಲ್ಲ. ಸ್ಟೂಲಿನ ಮೇಲೆ ಕುರ್ಚಿ ಇಟ್ಟು ಹತ್ತುವುದನ್ನು ನಮ್ಮ ಮನೆಯಲ್ಲಿ ಪೂರ್ತಿ ನಿಲ್ಲಿಸಿದ್ದೇವೆ. ಅಗಲ ಮೆಟ್ಟಿಲಿನ ಮಡಚುವ ಏಣಿಯೊಂದು ಫ್ರಿಜ್ಜಿನ ಪಕ್ಕದಲ್ಲೇ ಇರುತ್ತದೆ.

ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲೊಮ್ಮೆ, ದೀಪಾವಳಿಯ ಮೊದಲೊಮ್ಮೆ ಎಲ್ಲ ಇಳಿಸಿ ಒರೆಸುತ್ತೇವೆ. ಬಿಸಿನೀರಿಗೆ ಅಡಿಗೆ ಸೋಡ ಹಾಕಿದರೆ ಜಿಡ್ಡು ಬಿಡುತ್ತದೆ. ದಬ್ಬೆಗೆ ಮಾತ್ರ ಹಿಂಡಿದ ಬಟ್ಟೆ ಸಾಕು, ನೀರು ಸುರಿಯಬಾರದು.

ನಿಮ್ಮಲ್ಲಿ ಒಂದೂವರೆ ಅಡಿಗಿಂತ ಕಡಿಮೆ ಜಾಗವಿದ್ದರೆ ಇಷ್ಟೆಲ್ಲ ಚೌಕಟ್ಟು ಬೇಡ. ಕೈ ಒಳಗೆ ಹೋಗಿ ಡಬ್ಬಿ ಎತ್ತಿ ತೆಗೆಯಲು ಮೇಲೆ ಸಂದು ಉಳಿಯುವುದಿಲ್ಲ. ಹಿಡಿ ಇರುವ ಹಗುರ ಟ್ರೇಗಳನ್ನು ಕಪಾಟಿನ ಮೇಲಿಟ್ಟು, ಬಾಳಕ, ಸಾಂತಾಣಿಯಂಥ ಹಗುರದ ಡಬ್ಬಿಗಳನ್ನು ಅದರಲ್ಲಿ ಜೋಡಿಸಿದರೆ, ಟ್ರೇ ಎಳೆದರೆ ಎಲ್ಲವೂ ಒಟ್ಟಿಗೆ ಕೈಗೆ ಬರುತ್ತದೆ. ಭಾರದ್ದನ್ನು ಮಾತ್ರ ಇಡಬೇಡಿ.