ಪವರ್‌ಬ್ಯಾಂಕ್ ಆರದಂತೆ ನೋಡಿಕೊಳ್ಳುವ ಅಡಾಪ್ಟರ್: ನನ್ನ ಅನುಭವ

ಕುಂದಾಪುರದ ಸುತ್ತಮುತ್ತ ಬೆಳಗಿನವರೆಗೆ ನಡೆಯುವ ಯಕ್ಷಗಾನದ ಆಟಗಳನ್ನು ಚಿತ್ರೀಕರಿಸುವ ನನಗೆ, ಮೂರು ಕ್ಯಾಮೆರಾಗಳ ಮೇಲಿನ ವೈರ್‌ಲೆಸ್ ಮೈಕ್ ರಿಸೀವರ್‌ಗಳ ಸೆಲ್ಲುಗಳೇ ತೀರದ ಖರ್ಚಾಗಿದ್ದವು. ಒಂದೊಂದಕ್ಕೆ ಎರಡು ಎಎಎ ಸೆಲ್ ಬೇಕು. ಅವು ಸುಮಾರು ಒಂದೂವರೆ ರಾತ್ರಿ ಬಾಳುತ್ತಿದ್ದರೂ, ಪ್ರಸಂಗದ ನಡುವೆ ಧ್ವನಿ ನಿಂತೀತೆಂಬ ಭಯದಿಂದ ಪ್ರತಿ ಆಟಕ್ಕೂ ಹೊಸದನ್ನೇ ಹಾಕುತ್ತಿದ್ದೆ. ಒಂದು ತಿರುಗಾಟದ, ಅಂದರೆ ಮೇಳದ ಒಂದು ಋತುವಿನ, ಅರವತ್ತು ಆಟಗಳಿಗೆ ಏಳು ಸಾವಿರ ರೂಪಾಯಿಯಷ್ಟು ಹೋಗುತ್ತಿತ್ತು. ಸೆಲ್ಲಿನ ಬದಲು ಬಳಸಿದರೂ ಇಷ್ಟು ಸಣ್ಣ ಲೋಡಿಗೆ (ವಿದ್ಯುತ್ ಎಳೆತಕ್ಕೆ) ಪವರ್‌ಬ್ಯಾಂಕ್ ನಿಲ್ಲುವುದಿಲ್ಲ, ತಾನಾಗಿ ಆರಿಹೋಗುತ್ತದೆ ಎಂದು ಜೊತೆಯ ಕ್ಯಾಮೆರಾದವರೆಲ್ಲ ಹೇಳಿದ್ದರು.

ಹತ್ತು ಮಿಲಿಮೀಟರ್ ದಪ್ಪದ ಬೆತ್ತವನ್ನು ಸೆಲ್ಲಿನ ಉದ್ದಕ್ಕೆ ಕತ್ತರಿಸಿ, ತುದಿಗೆ ಹಿತ್ತಾಳೆ ಸ್ಕ್ರೂ ಹಾಕಿ ಸೆಲ್ಲಿನ ಜಾಗದಲ್ಲಿ ಕೂರುವ ಡಮ್ಮಿ ಸೆಲ್ ಮಾಡಿಕೊಂಡೆ. ಹೊಸ ಸೆಲ್ಲುಗಳೆರಡು ಸೇರಿ 3.2 ವೋಲ್ಟ್ ಕೊಡುವುದರಿಂದ ಪವರ್‌ಬ್ಯಾಂಕಿನ ಐದು ವೋಲ್ಟನ್ನು ಇಳಿಸಲು 3.3 ವೋಲ್ಟಿನ ಎಎಂಎಸ್1117 ಎಂಬ ಲೀನಿಯರ್ ರೆಗ್ಯುಲೇಟರ್ ಸಾಕಾಯಿತು. ರಿಸೀವರ್ 55 ಮಿಲಿಆಂಪಿಯರ್ ಎಳೆಯುತ್ತದೆ. ರೆಗ್ಯುಲೇಟರಿನದೂ ಸೇರಿ 60. ನನ್ನ ಪವರ್‌ಬ್ಯಾಂಕಿನಲ್ಲಿದ್ದ ಐಪಿ5306 ಚಿಪ್ 45ಕ್ಕಿಂತ ಕಡಿಮೆ ಲೋಡ್ 32 ಸೆಕೆಂಡ್ ಮುಂದುವರಿದರೆ ಮಾತ್ರ ಆರುತ್ತದೆ. ಹಾಗಾಗಿ ಮನೆಯಲ್ಲಿ ಎಲ್ಲವೂ ಸರಿಯಿತ್ತು. ಗೆಳೆಯರ ಪವರ್‌ಬ್ಯಾಂಕಿಗೆ ಹಾಕಿದರೆ ಅರ್ಧ ನಿಮಿಷವೂ ನಿಲ್ಲಲಿಲ್ಲ.

ಲೀನಿಯರ್ ರೆಗ್ಯುಲೇಟರಿನಲ್ಲಿ ಮೂರರಲ್ಲೊಂದು ಪಾಲು ಶಕ್ತಿ ಬಿಸಿಯಾಗಿ ಹೋಗುತ್ತದಲ್ಲ ಎಂದು ವೇಗವಾಗಿ ಆನ್-ಆಫ್ ಮಾಡುತ್ತ ವೋಲ್ಟೇಜ್ ಇಳಿಸುವ ಬಕ್ ಮಾಡ್ಯೂಲಿಗೆ ಬದಲಾಯಿಸಿದ್ದು ನಾನು ಮಾಡಿದ ದೊಡ್ಡ ತಪ್ಪು. ದಕ್ಷತೆ ಹೆಚ್ಚಿ ಎಳೆತ 42ಕ್ಕೆ ಇಳಿದದ್ದರಿಂದ, ಅದುವರೆಗೆ ನಿಂತಿದ್ದ ನನ್ನ ಪವರ್‌ಬ್ಯಾಂಕೂ ಆರತೊಡಗಿತು. ಮೇಲಿಂದ ಭಾಗವತರ ಪದ್ಯದ ಹಿಂದೆ ಸಣ್ಣ ಸಿಳ್ಳಿನಂಥ ಸದ್ದು ಬೇರೆ. ಅದನ್ನು ತಡೆಯಲೆಂದು ಫೆರೈಟ್ ಮಣಿಗೂ ಕೆಪಾಸಿಟರಿಗೂ ಸುರಿದ ಎಂಟುನೂರು ರೂಪಾಯಿ ವ್ಯರ್ಥವಾಗಿ, ಮತ್ತೆ ಲೀನಿಯರ್‌ಗೇ ಮರಳಿದೆ.

ಕೊನೆಗೆ ಕೈಹಿಡಿದದ್ದು ಪವರ್‌ಬ್ಯಾಂಕ್ ಆರದಂತೆ ಆಗಾಗ ಎಳೆಯುವ ಸುಳ್ಳು ಲೋಡ್. ಒಂದು 555 ಟೈಮರ್ ಚಿಪ್, ಒಂದು ಟ್ರಾನ್ಸಿಸ್ಟರ್, 47 ಓಮ್ ರೆಸಿಸ್ಟರ್: ಸುಮಾರು ಒಂಬತ್ತು ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡ್ ಕಾಲ ನೂರು ಮಿಲಿಆಂಪಿಯರ್ ಹೆಚ್ಚಿಗೆ ಎಳೆಯುತ್ತದೆ. ಸರಾಸರಿ ಲೆಕ್ಕದಲ್ಲಿ ಆರೇ ಮಿಲಿಆಂಪಿಯರ್ ನಷ್ಟ. ಆದರೆ ಮೊದಲ ರಾತ್ರಿಯ ರೆಕಾರ್ಡಿಂಗಿನಲ್ಲಿ ಪ್ರತಿ ಎಳೆತಕ್ಕೂ 'ಟಕ್' ಎಂಬ ಸದ್ದು ಸೇರಿಕೊಂಡು, ಇಡೀ ಆಟದ ಧ್ವನಿಯನ್ನು ಬಿಟ್ಟುಬಿಡಬೇಕಾಯಿತು. ಆ ನೋವು ಇನ್ನೂ ಇದೆ. ಲೋಡನ್ನು ರೆಗ್ಯುಲೇಟರಿನ ಹಿಂದಕ್ಕೆ, ಐದು ವೋಲ್ಟಿನ ಬದಿಗೆ ತಂದು, ಅದು ಏರುವ ಇಳಿಯುವ ಬಗೆಯನ್ನು ಬದಲಿಸಿದ ಮೇಲೆ ಸದ್ದು ಪೂರ್ತಿ ಹೋಯಿತು. ಆ ಬದಲಾವಣೆ ಹೇಗೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೂರು ತಿಂಗಳು ಅದಕ್ಕೇ ಹೋಗಿದೆ.

ಟೈಪ್-ಸಿ ಸಾಕೆಟ್ ಎರಡು ಬಾರಿ ಕೈಕೊಟ್ಟಿತು. ಏನನ್ನು ಜೋಡಿಸಿದೆ ಎಂದು ತಿಳಿಸುವ ಸಿಸಿ ಕಾಲುಗಳಿಗೆ ರೆಸಿಸ್ಟರನ್ನೇ ಹಾಕದ ಮೊದಲ ಬೋರ್ಡುಗಳು ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಜೀವ ತಳೆಯಲಿಲ್ಲ. ಎರಡೂ ಕಾಲುಗಳಿಗೆ ಒಂದೇ ರೆಸಿಸ್ಟರ್ ಹಂಚಿದ ಮುಂದಿನವು ಲ್ಯಾಪ್‌ಟಾಪಿನ ಇ-ಮಾರ್ಕ್ (ಒಳಗೆ ಗುರುತಿನ ಚಿಪ್ ಇರುವ) ಕೇಬಲ್ಲಿನಲ್ಲಿ ಸೋತವು. 2019ರ ಮೊದಲ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲೂ ಇದೇ ದೋಷವಿತ್ತು. ಈಗ 5.1 ಕಿಲೋಓಮಿನದು ಕಾಲಿಗೊಂದರಂತೆ ಬೇರೆ ಬೇರೆ ಹಾಕುತ್ತೇನೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಿಸಿದ ಬಿಡಿಭಾಗಗಳೂ ಸೇರಿ ಒಂದಕ್ಕೆ ನೂರಾ ಹತ್ತು ರೂಪಾಯಿ ಬೀಳುತ್ತದೆ. ಹಾಳಾದ ಬೋರ್ಡುಗಳ ಎರಡೂವರೆ ಸಾವಿರ ಬೇರೆ.

ಈಗ 5000 ಎಂಎಎಚ್ ಪವರ್‌ಬ್ಯಾಂಕೊಂದು ನಾಲ್ಕು ಆಟ ಎಳೆಯುತ್ತದೆ. ಆಗುವುದಿಲ್ಲ ಎಂದವರಲ್ಲೇ ಐವರು ಈ ತಿರುಗಾಟಕ್ಕೆ ನನ್ನಿಂದ ಅಡಾಪ್ಟರ್ ಮಾಡಿಸಿಕೊಂಡಿದ್ದಾರೆ.