ಪಿಪಿಟಿ ಬಿಟ್ಟೆ, ಪಿಎ ಹಿಡಿದೆ: ಸಂಸದರ ಮನೆ ಬಾಗಿಲಲ್ಲಿ ನನ್ನ ಅನುಭವ

ಡೇಟಾ ಕಾನೂನಿನ ಬಗ್ಗೆ ಸಂಸದರ ಹತ್ತಿರ ಮಾತಾಡ್ತೀನಿ ಅಂತ ನಮ್ಮ ಸಾಫ್ಟ್‌ವೇರ್ ಕಂಪನಿಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಿದಾಗ ಬಂದ ನಗುವಿನ ಇಮೋಜಿಗಳ ಸ್ಕ್ರೀನ್‌ಶಾಟ್ ಇನ್ನೂ ನನ್ನ ಫೋನಿನಲ್ಲಿದೆ. "ಅವರಿಗೆ ಬೋರ್‌ವೆಲ್ ಬಿಟ್ಟು ಬೇರೆ ಏನು ಅರ್ಥ ಆಗುತ್ತೆ" ಅಂದವರಿದ್ದರು. ಅವರಲ್ಲೇ ಇಬ್ಬರು ಈಗ "ಹೇಗೆ ಮಾಡಿದ್ರಿ, ಸ್ವಲ್ಪ ಹೇಳಿ" ಅಂತ ಗಂಟು ಬಿದ್ದಿದ್ದಾರೆ. ಅದಕ್ಕೇ ಒಮ್ಮೆ ಬರೆದು ಕೈ ತೊಳೆದುಕೊಳ್ಳೋಣ ಅಂತ.

ನಮ್ಮದು ಉತ್ತರ ಕರ್ನಾಟಕದ ಸಣ್ಣ ಕಂಪನಿ, ಹದಿನೆಂಟು ಜನ. ಶಾಲೆ, ಟ್ಯೂಷನ್ ಕೇಂದ್ರಗಳಿಗೆ ಹಾಜರಿ, ಫೀ, ಬಸ್ ಟ್ರ್ಯಾಕಿಂಗ್ ಸಾಫ್ಟ್‌ವೇರ್ ಕೊಡ್ತೀವಿ. ಡಿಪಿಡಿಪಿ ಕಾಯ್ದೆಯ (2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾನೂನಿನ) 9ನೇ ಸೆಕ್ಷನ್ ನಿಮಗೆಲ್ಲ ಗೊತ್ತೇ ಇದೆ: 18 ವರ್ಷದೊಳಗಿನವರ ಡೇಟಾಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಮಕ್ಕಳ ಮೇಲೆ ನಿಗಾ ಇಡುವಂತಿಲ್ಲ, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಮ್ಮ ವರ್ಷದ ವಹಿವಾಟು ಒಂದೂವರೆ ಕೋಟಿ ಆಸುಪಾಸು. "ನಿಮ್ಮ ಮಗಳು ಇವತ್ತು ಕ್ಲಾಸಿಗೆ ಬಂದಿಲ್ಲ" ಅಂತ ಅಪ್ಪನಿಗೆ ಹೋಗುವ ಮೆಸೇಜು ನಿಗಾ ಆಗುತ್ತಾ? ನನಗೆ ಬೇಕಿದ್ದದ್ದು ಇದೊಂದಕ್ಕೆ ಉತ್ತರ.

ಮೊದಲ ಸಲ ಮುಗ್ಗರಿಸಿದ್ದು 2023ರ ಆಗಸ್ಟ್‌ನಲ್ಲಿ. ಮಸೂದೆ 3ನೇ ತಾರೀಖು ಲೋಕಸಭೆಗೆ ಬಂತು. ಇದೇ ವಿಷಯದ 2019ರ ಮಸೂದೆ ಜಂಟಿ ಸಂಸದೀಯ ಸಮಿತಿಯಲ್ಲಿ ಎರಡು ವರ್ಷ ಕೂತಿತ್ತಲ್ಲ, ಇದೂ ಹಾಗೇ ನಿಧಾನ ಅಂದುಕೊಂಡು ಆರಾಮಾಗಿ 8ಕ್ಕೆ ಟಿಕೆಟ್ ಮಾಡಿಸಿದೆವು. 7ಕ್ಕೇ ಲೋಕಸಭೆಯಲ್ಲಿ ಧ್ವನಿಮತದಿಂದ ಪಾಸಾಗಿಹೋಯ್ತು. ನಾವು ದಿಲ್ಲಿಯಲ್ಲಿ ಇಳಿದ ದಿನ ಅವಿಶ್ವಾಸ ನಿರ್ಣಯದ ಚರ್ಚೆ ಶುರು, ಒಬ್ಬ ಸಂಸದರೂ ಕೈಗೆ ಸಿಗಲಿಲ್ಲ. ಕರ್ನಾಟಕ ಭವನದ ಸೋಫಾದ ಮೇಲೆ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಕೂತಿದ್ದೇ ಬಂತು. ಕಾರಿಗೂ ಬಾಗಿಲಿಗೂ ನಡುವೆ ಒಬ್ಬರು ಸಿಕ್ಕರು. ಇಪ್ಪತ್ತೆರಡು ಸ್ಲೈಡಿನಲ್ಲಿ ಮೊದಲನೆಯದನ್ನು ತೆರೆಯುವಷ್ಟರಲ್ಲಿ "ಅದು ನಿನ್ನೇನೇ ಪಾಸಾಯ್ತಲ್ಲಪ್ಪಾ" ಅಂದು ಹೋದರು. 9ಕ್ಕೆ ರಾಜ್ಯಸಭೆ, 11ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರು ಜನರ ವಿಮಾನ, ರೂಮು, ಟ್ಯಾಕ್ಸಿ ಎಲ್ಲ ಸೇರಿ ಒಂದು ಲಕ್ಷದ ಮೇಲೆ ಹತ್ತೋ ಹನ್ನೆರಡೋ ಸಾವಿರ. ನನ್ನ ಪಾರ್ಟ್‌ನರ್ ವಾಪಸ್ ಬರುವಾಗ ವಿಮಾನದಲ್ಲಿ ಮಾತೇ ಆಡಲಿಲ್ಲ.

ಆಮೇಲೆ ಬುದ್ಧಿ ಬಂತು ಅಂದುಕೊಂಡು ಪಾಲಿಸಿ ಕನ್ಸಲ್ಟೆಂಟ್ ಒಬ್ಬರನ್ನು ಹಿಡಿದೆ. ನಾಲ್ಕು ಲಕ್ಷ ಕೇಳಿದರು, ಒಂದೂವರೆ ಮುಂಗಡ ಕೊಟ್ಟೆ. ಬಂದದ್ದು 46 ಪುಟದ ಪಿಡಿಎಫ್, ಅದರಲ್ಲಿ ಯುರೋಪಿನ ಡೇಟಾ ಕಾನೂನು ಜಿಡಿಪಿಆರ್ ಬಗ್ಗೆ 19 ಪುಟ. ಟ್ಯೂಷನ್ ಅನ್ನುವ ಪದ ಎಲ್ಲಿದೆ ಅಂತ ಹುಡುಕಿದೆ, ಒಂದು ಕಡೆಯೂ ಇಲ್ಲ. ಉಳಿದ ದುಡ್ಡು ಕೊಡಲಿಲ್ಲ, ಮುಂಗಡ ವಾಪಸ್ ಬರಲಿಲ್ಲ.

2025ರ ಜನವರಿ 3ಕ್ಕೆ ಆ ಕಾಯ್ದೆಯ ಕರಡು ನಿಯಮಗಳು ಬಂದವು. ಅಭಿಪ್ರಾಯ ಕಳಿಸೋಕೆ ಮೊದಲು ಫೆಬ್ರುವರಿ 18, ಆಮೇಲೆ ಮಾರ್ಚ್ 5ರವರೆಗೆ ಗಡುವು. ನಾಲ್ಕನೇ ಅನುಸೂಚಿಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಕಂಡಾಗ ಸ್ವಲ್ಪ ಉಸಿರು ಬಂತು. ಆದರೆ ಗಲ್ಲಿಯೊಳಗಿನ ಟ್ಯೂಷನ್ ಮನೆ ಶಿಕ್ಷಣ ಸಂಸ್ಥೆಯೋ ಅಲ್ಲವೋ? ಅವರಿಗೆ ಸಾಫ್ಟ್‌ವೇರ್ ಕೊಡುವ ನಾವು ಆ ಕೊಡೆಯ ಕೆಳಗೆ ಬರ್ತೀವೋ, ಮಳೆಯಲ್ಲೇ ನಿಲ್ತೀವೋ? ಸರ್ಕಾರದ ಮೈಗವ್ ಜಾಲತಾಣದಲ್ಲಿ ಬರೆದು ಹಾಕಿದೆ. ಅಲ್ಲಿ ಹಾಕಿದ್ದನ್ನು ಯಾರು ಓದ್ತಾರೆ ಅನ್ನೋ ಅನುಮಾನ ಇದ್ದದ್ದರಿಂದ ಇನ್ನೊಂದು ಸಾಹಸಕ್ಕೂ ಕೈ ಹಾಕಿದೆ.

ಅದನ್ನು ಹೇಳೋಕೆ ಈಗಲೂ ನಾಚಿಕೆ. 2015ರಲ್ಲಿ ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್ಟಿನಲ್ಲಿ ಎಲ್ಲ ತಾಣಗಳಿಗೂ ಒಂದೇ ನ್ಯಾಯ ಇರಲಿ ಅನ್ನೋ) ಗಲಾಟೆಯಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್‌ಗೆ ಹತ್ತು ಲಕ್ಷ ದಾಟಿ ಇಮೇಲ್ ಹೋಗಿತ್ತು, ಮರುವರ್ಷ ಫೆಬ್ರುವರಿಯಲ್ಲಿ ಆದೇಶವೂ ನಮಗೆ ಬೇಕಾದ ಹಾಗೇ ಬಂತು. ಅದೇ ಮಂತ್ರ ಇಲ್ಲೂ ನಡೆಯುತ್ತೆ ಅಂತ ನಮ್ಮ ಆ್ಯಪಿನಲ್ಲಿ ಪೋಷಕರಿಗೆ ಒಂದು ಬಟನ್ ಕೊಟ್ಟೆ, ಒತ್ತಿದರೆ ನಮ್ಮ ಸಂಸದರಿಗೆ ಇಮೇಲ್. ಎರಡು ದಿನದಲ್ಲಿ ಆರುನೂರು ಚಿಲ್ಲರೆ ಹೋದವು. ಮೂರನೇ ದಿನ ಸಂಸದರ ಆಪ್ತ ಸಹಾಯಕರ (ಪಿಎ) ಫೋನು: "ಯಾರ್ರೀ ನೀವು? ದವಾಖಾನಿ ಪತ್ರಕ್ಕ ಬಂದ ಮೇಲ್ ಎಲ್ಲಾ ಇದರಾಗ ಮುಚ್ಚಿ ಹೋಗ್ಯಾವು!" ಅವರು ಹೇಳಿದ್ದು ಸರಿ. ಟ್ರಾಯ್ ಅಭಿಪ್ರಾಯ ಕೇಳಿತ್ತು, ಜನ ಕಳಿಸಿದರು. ಸಂಸದರ ಮೇಲ್ ಪೆಟ್ಟಿಗೆ ಕಾಯಿಲೆಯವರದ್ದು. ಬಟನ್ ತೆಗೆಸಿ, ಖುದ್ದಾಗಿ ಹೋಗಿ ಕ್ಷಮೆ ಕೇಳಿದೆ. ನಿಜ ಹೇಳಬೇಕಂದ್ರೆ ಬಾಗಿಲು ತೆರೆದದ್ದು ಆ ಕ್ಷಮೆಯಿಂದಲೇ.

ನಡುವೆ ಒಂದು ಪ್ರಯೋಗ, ಕೆಲಸಕ್ಕೆ ಅಷ್ಟೇನು ಬರದಿದ್ದರೂ ಹೇಳಿಬಿಡ್ತೀನಿ. ಕರ್ನಾಟಕದ 28 ಲೋಕಸಭಾ ಸದಸ್ಯರು, 12 ರಾಜ್ಯಸಭಾ ಸದಸ್ಯರು, ಒಟ್ಟು ನಲವತ್ತು ಜನಕ್ಕೂ ಒಂದೇ ಒಕ್ಕಣೆಯ ಪತ್ರ ಕಳಿಸಿದೆ. ಇಮೇಲ್‌ಗೆ ಒಂದೇ ಉತ್ತರ, ಅದೂ ಯಂತ್ರ ತಾನೇ ಕಳಿಸಿದ್ದು. ಸ್ಪೀಡ್ ಪೋಸ್ಟ್‌ಗೆ ಮೂರು ಫೋನ್ ಬಂದವು. ಹತ್ತು ಹನ್ನೆರಡು ಜನಕ್ಕೆ ಲಕೋಟೆಯ ಮೇಲೆ ಕೈಬರಹದಲ್ಲಿ ವಿಳಾಸ ಬರೆದು ಮತ್ತೊಮ್ಮೆ ಕಳಿಸಿದೆ, ಅದಕ್ಕೆ ನಾಲ್ಕು. ಲೆಕ್ಕ ನೆನಪಿನಿಂದ ಹೇಳ್ತಿದ್ದೀನಿ, ಒಂದು ಹೆಚ್ಚು ಕಮ್ಮಿ ಇರಬಹುದು. ಕೈಬರಹ ನನ್ನ ಹೆಂಡತಿಯದು, ನನ್ನದಾಗಿದ್ದರೆ ಪೋಸ್ಟ್‌ಮ್ಯಾನ್‌ಗೂ ಓದೋಕಾಗ್ತಿರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಗ್ರಾಹಕರೇ ಆದ ಒಬ್ಬ ಟ್ಯೂಷನ್ ಟೀಚರ್. "ನಿಮಗ್ಯಾಕ್ರೀ ಸರ್ ದಿಲ್ಲಿ? ಅಧಿವೇಶನ ಇಲ್ದಾಗ ಅವ್ರು ಇಲ್ಲೇ ಮನ್ಯಾಗ ಇರ್ತಾರಲ್ರೀ" ಅಂದರು. ಕ್ಯಾಲೆಂಡರ್ ತೆಗೆದು ನೋಡಿದೆ. ಬಜೆಟ್ ಅಧಿವೇಶನಕ್ಕೆ ಫೆಬ್ರುವರಿ 13ರಿಂದ ಮಾರ್ಚ್ 10ರವರೆಗೆ ಬಿಡುವು, ನಿಯಮಗಳ ಗಡುವು ಅದರೊಳಗೇ. ದಿಲ್ಲಿಯಲ್ಲಿ ನಾಲ್ಕು ನಿಮಿಷ ಕೊಡದವರು ಇಲ್ಲಿ ಕೈಯಳತೆಯಲ್ಲಿದ್ದರು.

ಶನಿವಾರ ಬೆಳಿಗ್ಗೆ ಏಳೂವರೆಗೆ ಹೋದೆವು. ಅಂಗಳದಲ್ಲಿ ಆಗಲೇ ಅರವತ್ತು ಜನ. ವರ್ಗಾವಣೆ, ಆಪರೇಷನ್ ಖರ್ಚಿನ ಪತ್ರ, ರೈಲು ನಿಲುಗಡೆ. ಕೇಂದ್ರೀಯ ವಿದ್ಯಾಲಯದ ಸಂಸದರ ಕೋಟಾ 2022ರಲ್ಲೇ ರದ್ದಾಗಿದ್ದರೂ ಸೀಟು ಕೇಳೋಕೆ ಬಂದವರೂ ಇದ್ದರು. ಲ್ಯಾಪ್‌ಟಾಪನ್ನು ಬೇಕಂತಲೇ ಮನೆಯಲ್ಲಿ ಬಿಟ್ಟಿದ್ದೆ. ಕೈಯಲ್ಲಿ ಒಂದೇ ಹಾಳೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಪಕ್ಕದಲ್ಲಿ ಆ ಟೀಚರ್, ಅದೇ ಕ್ಷೇತ್ರದ ಮತದಾರರು, 140 ಮಕ್ಕಳಿಗೆ ಪಾಠ ಹೇಳುವವರು. ನಾನು ಬಾಯಿ ಬಿಡಲಿಲ್ಲ, ಅವರೇ ಫೋನ್ ತೆಗೆದು ಹಿಂದಿನ ದಿನ ಹೋದ ಗೈರುಹಾಜರಿ ಮೆಸೇಜ್ ತೋರಿಸಿದರು. "ಸಾಹೇಬ್ರ, ಹುಡುಗಿ ಕ್ಲಾಸಿಗೆ ಬಂದಿಲ್ಲ ಅಂತ ಹೆತ್ತವರಿಗೆ ತಿಳಿಸಿದ್ರ ತಪ್ಪಾ? ಇದಕ್ಕ ಎರಡ್ನೂರು ಕೋಟಿ ಅಂತಾರಲ್ರೀ."

ಸಂಸದರು ಕನ್ನಡಕ ಏರಿಸಿ ಹಾಳೆ ನೋಡಿದರು. "ಎರಡ್ನೂರು ಕೋಟಿ? ಸೊನ್ನಿ ಹೆಚ್ಚಾಗ್ಯಾವೇನ್ ನೋಡ್ರಿ." ಹೆಚ್ಚಾಗಿಲ್ಲ ಅಂದೆ. ಅವರು ಪಿಎ ಕಡೆ ತಿರುಗಿದರು: "ಇದ ಒಂದ್ ಪ್ರಶ್ನೆ ಮಾಡ್ರಿ." ಒಟ್ಟು ಆರು ನಿಮಿಷ.

ಹಾಳೆಯಲ್ಲಿ ಏನಿರಬೇಕು ಅಂತ ಕೇಳ್ತೀರಿ. ಮೇಲೆ ಕ್ಷೇತ್ರದ ಲೆಕ್ಕ: ನಮ್ಮ ಸಾಫ್ಟ್‌ವೇರ್ ಬಳಸುವ ಎಷ್ಟು ಟ್ಯೂಷನ್ ಮನೆ, ಎಷ್ಟು ಮಕ್ಕಳು. ನಡುವೆ ತೊಂದರೆ ಮೂರೇ ಸಾಲಲ್ಲಿ. ಆಮೇಲೆ ಅವರು ಏನು ಮಾಡಬೇಕು ಅನ್ನೋದು. ಕೊನೆಯ ಸಾಲಲ್ಲಿ ನಾನು ಬರೆಯುವುದೊಂದಿದೆ, ಅದು ನನ್ನ ಹತ್ತಿರವೇ ಇರಲಿ. ಪಿಎ ಫೋನ್ ಎತ್ತುವ ಹೊತ್ತು ಯಾವುದು ಅಂತಲೂ ಕೇಳಬೇಡಿ, ಎಲ್ಲರೂ ಆಗಲೇ ಮಾಡಿದರೆ ಅದೂ ಕೆಡುತ್ತೆ. ಇನ್ನೊಂದು, ನುಡಿ ತಂತ್ರಾಂಶದ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಕಳಿಸಬೇಡಿ. ನನ್ನ ಮೊದಲ ಟಿಪ್ಪಣಿ ಅವರ ಫೋನಿನಲ್ಲಿ ಬರೀ ಕಾಗೆ ಗುಬ್ಬಿ ಕಾಲಾಗಿ ತೆರೆದುಕೊಂಡಿತ್ತು.

ಪ್ರಶ್ನೆಯ ಕರಡನ್ನು ನಾವೇ ಬರೆದುಕೊಡೋದು ಲೇಸು, ಅವರ ಕಚೇರಿಯಲ್ಲಿ ಇರೋದೇ ಮೂರು ಜನ. ಲೋಕಸಭೆಯಲ್ಲಿ ಪ್ರಶ್ನೆ 150 ಪದ ಮೀರುವಂತಿಲ್ಲ, ವಾದ ಇರುವಂತಿಲ್ಲ, ಅಭಿಪ್ರಾಯ ಕೇಳುವಂತಿಲ್ಲ. ನನ್ನ ಮೊದಲ ಕರಡಿನಲ್ಲಿ "ಸಣ್ಣ ಉದ್ಯಮಗಳ ಕತ್ತು ಹಿಸುಕುವ" ಅಂತಿತ್ತು, ಪಿಎ ಕೆಂಪು ಪೆನ್ನಿನಲ್ಲಿ ಅದನ್ನೇ ಮೊದಲು ಹೊಡೆದರು. ಎ, ಬಿ, ಸಿ ಅಂತ ಒಣಗಿದ ತುಂಡುಗಳು ಸಾಕು: ಟ್ಯೂಷನ್ ಕೇಂದ್ರಗಳು ಶಿಕ್ಷಣ ಸಂಸ್ಥೆಯ ವ್ಯಾಖ್ಯೆಯೊಳಗೆ ಬರುತ್ತವೆಯೇ, ಹೌದಾದರೆ ವಿವರ, ಇಲ್ಲದಿದ್ದರೆ ಕಾರಣ.

ಹದಿನೈದು ಪೂರ್ಣ ದಿನ ಮೊದಲೇ ನೋಟಿಸ್ ಕೊಡಬೇಕು. ಒಬ್ಬ ಸದಸ್ಯರು ಒಂದು ದಿನಕ್ಕೆ ಕೊಡಬಹುದಾದದ್ದು ಐದೇ. ಅದರಲ್ಲಿ ನಮ್ಮದೂ ಒಂದಾಗೋದು ದೊಡ್ಡ ಮಾತು, ಆಮೇಲೆ ಬ್ಯಾಲಟ್, ಅಂದ್ರೆ ಚೀಟಿ ಎತ್ತಿ ಆರಿಸೋದು ಬೇರೆ. ಮಾರ್ಚ್‌ನಲ್ಲಿ ಎರಡು ಸಲ ಬಿದ್ದುಹೋಯ್ತು. "ನಾ ಹೇಳಿರ್ಲಿಲ್ಲಾ" ಅಂತ ಗುಂಪಿನಲ್ಲಿ ಮತ್ತೆ ಇಮೋಜಿ.

ಮಳೆಗಾಲದ ಅಧಿವೇಶನಕ್ಕೆ ಪಿಎ "ಸ್ಟಾರ್ ಹಾಕಿ ಕೊಡೋಣೇನ್ರೀ, ಸಾಹೇಬ್ರು ಎದ್ದು ಕೇಳ್ತಾರ" ಅಂದರು. ಟಿವಿಯಲ್ಲಿ ಬರುತ್ತೆ ಅನ್ನೋ ಆಸೆ ನನಗೂ ಇತ್ತು, ಸುಳ್ಳು ಯಾಕೆ. ಆದರೂ ಬೇಡ ಅಂದೆ. ಸದನದಲ್ಲಿ ಬಾಯಿಮಾತಿನ ಉತ್ತರ ಸಿಗುವ ಚುಕ್ಕೆ ಪ್ರಶ್ನೆಗೆ ದಿನಕ್ಕೆ ಇಪ್ಪತ್ತೇ ಜಾಗ, ಲಿಖಿತ ಉತ್ತರದ ಚುಕ್ಕೆ ಇಲ್ಲದ್ದಕ್ಕೆ 230. ಇನ್ನೊಂದು, ಸದನ ಗದ್ದಲದಲ್ಲಿ ಮುಂದೂಡಿದರೂ ಲಿಖಿತ ಉತ್ತರ ಮೇಜಿನ ಮೇಲೆ ಬಂದೇ ಬರುತ್ತೆ. 2025ರ ಜುಲೈ 21ರಿಂದ ಆಗಸ್ಟ್ 21ರವರೆಗಿನ ಆ ಅಧಿವೇಶನ ಹೇಗೆ ನಡೀತು ಅಂತ ನೀವೇ ನೋಡಿದ್ದೀರಿ. ಪ್ರಶ್ನೋತ್ತರ ಅವಧಿ ದಿನಾ ಕೊಚ್ಚಿ ಹೋಗ್ತಿತ್ತು. ನಮ್ಮ ಪ್ರಶ್ನೆಗೆ ಮಾತ್ರ ಬುಧವಾರ ಮಧ್ಯಾಹ್ನ ಅಚ್ಚಾದ ಉತ್ತರ ಬಂತು.

ಉತ್ತರ ಸರ್ಕಾರಿ ಉತ್ತರ ಹೇಗಿರುತ್ತೋ ಹಾಗೇ ಇತ್ತು, ಎ ಯಿಂದ ಸಿ ವರೆಗೆ ಒಟ್ಟಿಗೆ ಕಟ್ಟಿ ಒಂದೇ ಮೂಟೆ. ಆದರೆ ಅದನ್ನು ಹಿಡಿದು ಮುಂದಿನ ಪತ್ರ ಬರೆಯಬಹುದು, ಗ್ರಾಹಕರಿಗೆ ತೋರಿಸಬಹುದು. ನವೆಂಬರ್‌ನಲ್ಲಿ ಅಂತಿಮ ನಿಯಮ ಬಂದಾಗ ಶಿಕ್ಷಣ ಸಂಸ್ಥೆಗಳ ವಿನಾಯಿತಿ ಉಳಿದಿತ್ತು. ಅದು ನಮ್ಮಿಂದಲೇ ಅಂತ ಹೇಳೋಕೆ ನನಗೇನು ಹುಚ್ಚಾ? ಆದರೆ ಪ್ರಶ್ನೆ ಬಂದ ಮೇಲೆ ಬಿಟ್ಟುಹೋಗಿದ್ದ ಏಳು ಶಾಲೆಗಳು ವಾಪಸ್ ಬಂದವು, ಅದು ನಮ್ಮಿಂದಲೇ.

ಖರ್ಚು: ಡೀಸೆಲ್, ಜೆರಾಕ್ಸ್, ಲಕೋಟೆ, ನಾಲ್ಕೈದು ಸಲದ ಓಡಾಟ ಸೇರಿ ಹನ್ನೊಂದು ಸಾವಿರದೊಳಗೆ. ಮೊದಲು ಸುಟ್ಟದ್ದು ಎರಡೂವರೆ ಲಕ್ಷದ ಮೇಲೆ. ಪಿಎಗೆ ಏನಾದರೂ ಕೊಟ್ಟಿರಾ ಅಂತ ಕೇಳಿದವರಿಗೆ ಹೇಳ್ತೀನಿ, ಒಂದು ಪೆನ್ ಡ್ರೈವ್ ಕೊಡೋಕೆ ಹೋಗಿ ಬೈಸಿಕೊಂಡೆ.

ಶಾಸಕರ ಹತ್ತಿರವೂ ಇದೇ ಪಟ್ಟು ಹಾಕಿ ನೋಡಿದೆ, ಬೆಳಗಾವಿ ಅಧಿವೇಶನದಲ್ಲಿ. ಡೇಟಾ ಕಾನೂನು ಕೇಂದ್ರದ್ದು, ನಮ್ಮ ಕೈಯಲ್ಲಿ ಏನಿಲ್ಲ ಅಂದರು. ಸುವರ್ಣಸೌಧದ ಹೊರಗೆ ಧರಣಿಗಳ ನಡುವೆ ಕಾರು ನಿಲ್ಲಿಸಲು ಜಾಗ ಹುಡುಕಿದ್ದಷ್ಟೇ ಲಾಭ.

ಕಳೆದ ವಾರ ರಾತ್ರಿ ಒಂಬತ್ತಕ್ಕೆ ಪಿಎ ಅವರೇ ಫೋನ್ ಮಾಡಿದರು. "ಸಾಹೇಬ್ರಿಗೆ ಎಐ ಬಗ್ಗೆ ಒಂದ್ ಟಿಪ್ಪಣಿ ಬೇಕಂತ್ರೀ. ಮುಂಜಾನಿ ಒಳಗ." ಹನ್ನೊಂದೂವರೆಗೆ ಕಳಿಸಿದೆ. ಒಂದೇ ಪುಟ, ಯೂನಿಕೋಡ್‌ನಲ್ಲಿ.