ಸ್ಲೈಸ್ ಆರದಂತೆ ನೋಡಿಕೊಳ್ಳುವುದು: ಕ್ಲಾಸಿಕ್‌ನ ಕತ್ತಿ ರೋಗ್ ಆಟದ ಲೆಕ್ಕ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆನ್‌ಲೈನ್ ಆಟದಲ್ಲಿ ರೋಗ್ (ಕತ್ತಿ, ಕಠಾರಿ ಹಿಡಿದು ಹತ್ತಿರದಿಂದ ಹೊಡೆಯುವ ಕ್ಲಾಸ್) ಆಡುವುದೆಂದರೆ ಎರಡೂವರೆ ಬಟನ್ ಒತ್ತುವುದು ಅಂತ ಬೇರೆ ಕ್ಲಾಸಿನವರು ಹಂಗಿಸುತ್ತಾರೆ. ಬಟನ್ ಎಣಿಸಿದರೆ ಆ ಮಾತು ಸುಳ್ಳಲ್ಲ. ಹೊಡೆದಾಗಲೆಲ್ಲ ಒಂದು ಕಾಂಬೊ ಪಾಯಿಂಟ್ (ಹೆಚ್ಚೆಂದರೆ ಐದು) ಕೊಡುವ ಸಿನಿಸ್ಟರ್ ಸ್ಟ್ರೈಕ್, ಆ ಪಾಯಿಂಟ್ ಖರ್ಚು ಮಾಡುವ ಎರಡು ಫಿನಿಷರ್‌ಗಳು: ಕತ್ತಿಯ ವೇಗ ಏರಿಸುವ ಸ್ಲೈಸ್ ಅಂಡ್ ಡೈಸ್, ಒಂದೇ ದೊಡ್ಡ ಹೊಡೆತದ ಎವಿಸರೇಟ್, ಅಷ್ಟೇ. ಆದರೂ ಒಂದೇ ಗೇರ್ ತೊಟ್ಟ ಇಬ್ಬರು ರೋಗ್‌ಗಳು ಡ್ಯಾಮೇಜ್ ಅಳೆಯುವ ಮೀಟರ್‌ನಲ್ಲಿ ದೂರ ದೂರ ನಿಲ್ಲುತ್ತಾರೆ. ಯಾವ ಬಟನ್ ಒತ್ತಬೇಕು ಎನ್ನುವುದು ಇಬ್ಬರಿಗೂ ಗೊತ್ತು. ಯಾವಾಗ ಸುಮ್ಮನಿರಬೇಕು ಎನ್ನುವುದು ಒಬ್ಬರಿಗೇ ಗೊತ್ತು.

ಇಲ್ಲಿ ಹೇಳುವುದೆಲ್ಲ 60ನೇ ಲೆವೆಲ್‌ನ ಕಾಂಬ್ಯಾಟ್ ಕತ್ತಿ ರೋಗ್‌ಗೆ, 19/32/0 ಟ್ಯಾಲೆಂಟ್‌ಗೆ (ಮೂರು ಶಾಖೆಗಳಿಗೆ ಪಾಯಿಂಟ್ ಹಂಚಿದ ರೀತಿ) ಸಂಬಂಧಿಸಿದ್ದು. ಕಠಾರಿ ರೋಗ್‌ನ ಲೆಕ್ಕವೇ ಬೇರೆ. ಅದರ ಬ್ಯಾಕ್‌ಸ್ಟ್ಯಾಬ್‌ಗೆ 60 ಎನರ್ಜಿ ಬೇಕು, ಅಂದರೆ ಎರಡರ ಬದಲು ಮೂರು ಟಿಕ್ (ಒಂದು ಸಲ ಎನರ್ಜಿ ಬಂದು ಬೀಳುವುದು) ಕಾಯಬೇಕು. ಕೆಳಗಿನ ಅಂಕಿ ಅದಕ್ಕೆ ಹೊಂದುವುದಿಲ್ಲ.

ಮೊದಲು ಎನರ್ಜಿ. ಪ್ರತಿ 2 ಸೆಕೆಂಡಿಗೆ 20 ಬರುತ್ತದೆ, 100ಕ್ಕೆ ನಿಲ್ಲುತ್ತದೆ. ನೀರು ತೊಟ್ಟಿಕ್ಕಿದ ಹಾಗೆ ನಿಧಾನವಾಗಿ ಏರುವುದಿಲ್ಲ, ಒಂದೇ ಏಟಿಗೆ 20 ಬೀಳುತ್ತದೆ. ಇಂಪ್ರೂವ್ಡ್ ಸಿನಿಸ್ಟರ್ ಸ್ಟ್ರೈಕ್‌ಗೆ ಎರಡೂ ಪಾಯಿಂಟ್ ಹಾಕಿದರೆ ಸಿನಿಸ್ಟರ್‌ಗೆ 45ರ ಬದಲು 40 ಸಾಕು. ಸರಿಯಾಗಿ ಎರಡು ಟಿಕ್, ಒಂದು ಹೊಡೆತ. ಸ್ಲೈಸ್‌ಗೆ 25, ಎವಿಸರೇಟ್‌ಗೆ 35. ರೋಗ್‌ನ ಗ್ಲೋಬಲ್ ಕೂಲ್‌ಡೌನ್ (ಒಂದು ಬಟನ್ ಒತ್ತಿದ ಮೇಲೆ ಮುಂದಿನದಕ್ಕೆ ಕಾಯಬೇಕಾದ ಹೊತ್ತು) 1 ಸೆಕೆಂಡ್ ಮಾತ್ರ, ಹಾಗಾಗಿ ಮಾಮೂಲಿ ಬಾಸ್‌ನಲ್ಲಿ ಕೈ ಕಟ್ಟುವುದು ಕೂಲ್‌ಡೌನ್ ಅಲ್ಲ, ಎನರ್ಜಿ. ಒಂದು ಬಟನ್ ಒತ್ತಿ ನಾಲ್ಕು ಸೆಕೆಂಡ್ ಸುಮ್ಮನಿರುವುದು ಹೊಸಬರಿಗೆ ಏನೋ ತಪ್ಪು ಮಾಡುತ್ತಿದ್ದೇವೆ ಅನ್ನಿಸುತ್ತದೆ. ತಪ್ಪೇನಿಲ್ಲ.

ಆ ನಾಲ್ಕು ಸೆಕೆಂಡಿನಲ್ಲೂ ಎರಡು ಕತ್ತಿಗಳು ತಾವಾಗಿಯೇ ಬೀಸುತ್ತಿರುತ್ತವೆ. ಒಟ್ಟು ಡ್ಯಾಮೇಜ್‌ನಲ್ಲಿ ಅರ್ಧದ ಆಸುಪಾಸು ಬರುವುದು ಈ ಬಿಳಿ ಹೊಡೆತಗಳಿಂದಲೇ. ಸ್ಲೈಸ್ ಅಂಡ್ ಡೈಸ್ ಅವುಗಳ ವೇಗವನ್ನು ಶೇ. 30 ಏರಿಸುತ್ತದೆ, ಜೊತೆಗೆ ವಿಷ ಹತ್ತುವ ಅವಕಾಶ, ಸ್ವೋರ್ಡ್ ಸ್ಪೆಶಲೈಸೇಶನ್‌ನ ಶೇ. 5ರ ಹೆಚ್ಚುವರಿ ಹೊಡೆತ, ಎಲ್ಲವೂ ಏರುತ್ತವೆ. ಅದಕ್ಕೇ ಸ್ಲೈಸ್ ಮೊದಲು, ಉಳಿದದ್ದೆಲ್ಲ ಆಮೇಲೆ. ಎವಿಸರೇಟ್‌ನ ದೊಡ್ಡ ಹಳದಿ ಅಂಕಿ ಕಣ್ಣಿಗೆ ಹಬ್ಬ, ನಿಜ. ಆದರೆ ಸ್ಲೈಸ್ ಆರಿಹೋದಾಗ ಕಳೆದುಕೊಂಡದ್ದರ ಅಂಕಿ ಪರದೆ ಮೇಲೆ ಎಲ್ಲೂ ಕಾಣುವುದಿಲ್ಲ. ಮೋಸ ಹೋಗುವುದು ಅಲ್ಲೇ.

ಇಂಪ್ರೂವ್ಡ್ ಸ್ಲೈಸ್ ಅಂಡ್ ಡೈಸ್‌ಗೆ ಮೂರೂ ಪಾಯಿಂಟ್ ಇದ್ದಾಗ ಅವಧಿ ಹೀಗೆ: 1 ಕಾಂಬೊ ಪಾಯಿಂಟ್‌ಗೆ 13.05 ಸೆಕೆಂಡ್, 2ಕ್ಕೆ 17.4, 3ಕ್ಕೆ 21.75, 4ಕ್ಕೆ 26.1, 5ಕ್ಕೆ 30.45. ಬಾಯಿಪಾಠ ಮಾಡುವುದಾದರೆ 13, 17, 22, 26, 30 ಸಾಕು. ಒಂದು ಪಾಯಿಂಟ್‌ಗೇ 13 ಸೆಕೆಂಡ್ ಸಿಗುತ್ತದೆ, ಮುಂದಿನ ಪ್ರತಿ ಪಾಯಿಂಟ್‌ಗೆ ನಾಲ್ಕು ಚಿಲ್ಲರೆ ಮಾತ್ರ. ಹಳೆಯ ಸ್ಲೈಸ್ ಇನ್ನೂ ಉಳಿದಿರುವಾಗ ಹೊಸದು ಹಾಕಿದರೆ ಉಳಿದ ಸಮಯ ಹೊಸದಕ್ಕೆ ಸೇರುವುದಿಲ್ಲ, ಹಾಳಾಗುತ್ತದೆ.

ಲೆಕ್ಕ ತಿರುಗುವುದು ಎರಡು ಟ್ಯಾಲೆಂಟ್‌ಗಳ ಮೇಲೆ. ರಿಲೆಂಟ್‌ಲೆಸ್ ಸ್ಟ್ರೈಕ್ಸ್: ಫಿನಿಷರ್‌ಗೆ ಬಳಸಿದ ಪ್ರತಿ ಪಾಯಿಂಟ್‌ಗೆ ಶೇ. 20ರಂತೆ 25 ಎನರ್ಜಿ ವಾಪಸ್ ಬರುವ ಅವಕಾಶ. ಐದು ಪಾಯಿಂಟ್ ಇದ್ದರೆ ಖಂಡಿತ ಬರುತ್ತದೆ. ಅಂದರೆ ಐದು ಪಾಯಿಂಟ್‌ನ ಸ್ಲೈಸ್ ಪುಕ್ಕಟೆ, ಐದು ಪಾಯಿಂಟ್‌ನ ಎವಿಸರೇಟ್‌ಗೆ 10 ಎನರ್ಜಿ. ರೂತ್‌ಲೆಸ್‌ನೆಸ್: ಫಿನಿಷರ್ ಆದ ಮೇಲೆ ಶೇ. 60 ಸಲ ಒಂದು ಪಾಯಿಂಟ್ ಉಚಿತ. ಆದ್ದರಿಂದ ಮತ್ತೆ ಐದಕ್ಕೆ ಬರಲು ಸರಾಸರಿ 4.4 ಸಿನಿಸ್ಟರ್ ಬೇಕು, ಅಂದರೆ 176 ಎನರ್ಜಿ, ಸಮಯದಲ್ಲಿ 17.6 ಸೆಕೆಂಡ್.

ಈಗ 30 ಸೆಕೆಂಡಿನ ಒಂದು ಸ್ಲೈಸ್ ಒಳಗೆ ಐದರ ಎವಿಸರೇಟ್ ಒಂದು, ಐದರ ಸ್ಲೈಸ್ ಒಂದು ಹಿಡಿಸುತ್ತದೆಯೇ ನೋಡಿ. 8.8 ಸಿನಿಸ್ಟರ್‌ಗೆ 352, ಫಿನಿಷರ್‌ಗಳಿಗೆ 10, ಒಟ್ಟು 362 ಎನರ್ಜಿ, 36 ಸೆಕೆಂಡ್. ಹಿಡಿಸುವುದಿಲ್ಲ. "ಎರಡನ್ನೂ ಐದರಲ್ಲೇ ಮಾಡಿ" ಎಂಬ ಉಪದೇಶ ಕೇಳಿ ಆಡುವವರ ಸ್ಲೈಸ್ ಪ್ರತಿ ಸುತ್ತಿನಲ್ಲೂ ಐದಾರು ಸೆಕೆಂಡ್ ಆರುವುದು ಇದೇ ಕಾರಣಕ್ಕೆ. ಎವಿಸರೇಟನ್ನು ಮೂರಕ್ಕೆ ಇಳಿಸಿದರೆ 272 ಜೊತೆ 20, ಒಟ್ಟು 292. 29 ಸೆಕೆಂಡಿನಲ್ಲಿ ಮುಗಿಯುತ್ತದೆ. ಅದೂ ಒಂದೂ ಹೊಡೆತ ತಪ್ಪದಿದ್ದರೆ.

ಹಾಗಾಗಿ ನಾನು ಪಾಲಿಸುವ ನಿಯಮ ಪಾಯಿಂಟ್ ಎಣಿಸುವುದಲ್ಲ, ಸ್ಲೈಸ್‌ನಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು. 17 ಸೆಕೆಂಡಿಗಿಂತ ಹೆಚ್ಚು ಉಳಿದಿದ್ದರೆ ಕೈಯಲ್ಲಿರುವ ಮೂರೋ ನಾಲ್ಕೋ ಪಾಯಿಂಟ್‌ಗೆ ಎವಿಸರೇಟ್ ಹೊಡೆಯಬಹುದು. ಹೊಡೆದ ಮೇಲೂ ಕೈಯಲ್ಲಿ ಉಳಿಯುವ ಪ್ರತಿ 20 ಎನರ್ಜಿಗೆ ಆ 17ರಿಂದ 2 ಸೆಕೆಂಡ್ ಕಳೆಯಿರಿ; 40 ಉಳಿಯುವುದಾದರೆ ಗಡಿ 13. ಅದಕ್ಕಿಂತ ಕಡಿಮೆ ಉಳಿದಿದ್ದರೆ ಎವಿಸರೇಟ್ ಬೇಡ, ಪಾಯಿಂಟ್ ಕೂಡಿಟ್ಟು ಸ್ಲೈಸ್‌ಗೇ ಹಾಕಿ. ಇನ್ನೊಂದು ದಾರಿಯೂ ಇದೆ: ಐದರ ಎವಿಸರೇಟ್ ತಡವಾಗಿ ಹೊಡೆದು, ಮುಂದಿನ ಸ್ಲೈಸ್ ಮೂರಕ್ಕೆ ಹಾಕಿ, ಅದರಾಚೆಯದನ್ನು ಐದಕ್ಕೆ ಹಾಕುವುದು. ಡ್ಯಾಮೇಜ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನನಗೆ ಮೊದಲನೆಯದೇ ಇಷ್ಟ, ಒಂದು ಹೊಡೆತ ತಪ್ಪಿದರೆ ಆಗುವ ನಷ್ಟ ಸಣ್ಣದು.

ಆರಂಭದ ಅರ್ಧ ನಿಮಿಷವನ್ನು ಸೆಕೆಂಡ್ ಸೆಕೆಂಡಾಗಿ ಬಿಡಿಸಿದರೆ ಸಿಕ್ಕಿಬೀಳುವ ಜಾಗ ಕಾಣುತ್ತದೆ. ಎನರ್ಜಿ 100, ಟಿಕ್ ಬೀಳುವುದು 1, 3, 5, 7ನೇ ಸೆಕೆಂಡಿಗೆ ಎಂದಿಟ್ಟುಕೊಳ್ಳಿ. ಅದೃಷ್ಟದ ಪಾಯಿಂಟ್ ಒಂದೂ ಬರಲಿಲ್ಲ ಎಂದೇ ಹಿಡಿಯಿರಿ. 0ಗೆ ಸಿನಿಸ್ಟರ್, ಉಳಿದದ್ದು 60. 1ಕ್ಕೆ ಟಿಕ್, 80. ತಕ್ಷಣ ಒಂದೇ ಪಾಯಿಂಟ್‌ನ ಸ್ಲೈಸ್, 55. ಇದು 14ಕ್ಕೆ ಆರುತ್ತದೆ. 2ಕ್ಕೆ ಸಿನಿಸ್ಟರ್, 15. 5ಕ್ಕೆ 55 ಆಗಿರುತ್ತದೆ, ಸಿನಿಸ್ಟರ್. 9ಕ್ಕೆ ಮತ್ತೆ 55, ಸಿನಿಸ್ಟರ್. 13ಕ್ಕೆ ಬಂದಾಗ ಎನರ್ಜಿ 55, ಪಾಯಿಂಟ್ ಮೂರು, ಸ್ಲೈಸ್‌ನಲ್ಲಿ ಒಂದು ಸೆಕೆಂಡ್.

ಇಲ್ಲಿ ಕೈ ಅಭ್ಯಾಸಬಲದಿಂದ ಸಿನಿಸ್ಟರ್ ಮೇಲೆ ಹೋಗುತ್ತದೆ. ಒತ್ತಿದರೆ 15 ಉಳಿಯುತ್ತದೆ. ಸ್ಲೈಸ್‌ಗೆ ಬೇಕಾದ 25 ಬರುವುದು 15ನೇ ಸೆಕೆಂಡಿಗೆ. ಅಷ್ಟರೊಳಗೆ ಸ್ಲೈಸ್ ಆರಿರುತ್ತದೆ. ಒಂದು ಸೆಕೆಂಡ್ ಆರಿದರೆ ಪ್ರಪಂಚವೇನೂ ಮುಳುಗುವುದಿಲ್ಲ. ಆದರೆ ಆ ಸಿನಿಸ್ಟರ್ ತಪ್ಪಿದರೆ ಪಾಯಿಂಟೂ ಇಲ್ಲ, ಸ್ಲೈಸೂ ಇಲ್ಲ. 13ಕ್ಕೇ ಮೂರು ಪಾಯಿಂಟ್‌ನ ಸ್ಲೈಸ್ ಹಾಕಿ: 30 ಉಳಿಯುತ್ತದೆ, ಸ್ಲೈಸ್ 34.75ರ ತನಕ ಸಿಗುತ್ತದೆ. ಆಮೇಲೆ 15, 19, 23, 27, 31ಕ್ಕೆ ಒಂದೊಂದು ಸಿನಿಸ್ಟರ್, ಐದು ಪಾಯಿಂಟ್. 33ಕ್ಕೆ ಎನರ್ಜಿ 30. ಸ್ಲೈಸ್ ಹಾಕಿದರೆ 25 ಹೋಗಿ 25 ವಾಪಸ್ ಬರುತ್ತದೆ, 30 ಸೆಕೆಂಡ್ ನಿಶ್ಚಿಂತೆ. ಅದೃಷ್ಟ ಒಂದು ಸಲವೂ ಒಲಿಯದೆ ಇಷ್ಟು ಸಾಗುತ್ತದೆ. ರೂತ್‌ಲೆಸ್‌ನೆಸ್ ಒಲಿದ ಕಡೆಯೆಲ್ಲ ಒಂದು ಸಿನಿಸ್ಟರ್ ಉಳಿಯುತ್ತದೆ, ಎವಿಸರೇಟ್ ನುಗ್ಗಿಸಲು ಅಲ್ಲಿ ಜಾಗ.

ಟಿಕ್ ಯಾವಾಗ ಬೀಳುತ್ತದೆ ಎಂದು ತೋರಿಸುವ ಆಡ್‌ಆನ್ ಒಂದು, ಸ್ಲೈಸ್‌ನ ಉಳಿದ ಸೆಕೆಂಡನ್ನು ಪಾತ್ರದ ಕಾಲ ಬಳಿಯೇ ದಪ್ಪ ಅಂಕಿಯಲ್ಲಿ ತೋರಿಸುವ ವೀಕ್‌ಆರಾಸ್ ಆಡ್‌ಆನ್ ಒಂದು, ಇವೆರಡಿಲ್ಲದೆ ನಾನು ಆಡುವುದಿಲ್ಲ. ಮೂಲೆಯ ಬಫ್ ಸಾಲನ್ನು ನೋಡುತ್ತಾ ಕೂತರೆ ನೆಲದ ಬೆಂಕಿ ಕಾಣುವುದಿಲ್ಲ. ಎನರ್ಜಿ 80 ದಾಟದಂತೆ ನೋಡಿಕೊಂಡರೆ ಯಾವ ಟಿಕ್ಕೂ ಚೆಲ್ಲುವುದಿಲ್ಲ. 80ರ ಕೆಳಗೆ ಎಷ್ಟು ಹೊತ್ತು ಹಿಡಿದಿಟ್ಟರೂ ನಷ್ಟವಿಲ್ಲ. ಹಾಗಾಗಿ 40 ಆದ ಕ್ಷಣವೇ ಒತ್ತುವ ಆತುರ ಬೇಡ. 60ರ ಆಸುಪಾಸು ಇಟ್ಟುಕೊಂಡರೆ ಸ್ಲೈಸ್ ಆರುವ ಹೊತ್ತಿಗೆ ಕೈಯಲ್ಲಿ ಎರಡು ಬಟನ್‌ನಷ್ಟು ಎನರ್ಜಿ ಇರುತ್ತದೆ.

ಇನ್ನು ಹಿಟ್, ಅಂದರೆ ಹೊಡೆತ ತಪ್ಪುವುದನ್ನು ತಗ್ಗಿಸುವ ಅಂಕಿ. ಲೆವೆಲ್ 63ರ ಬಾಸ್ ಎದುರು ಕತ್ತಿಯ ಸ್ಕಿಲ್ 300 ಇದ್ದರೆ ಸಿನಿಸ್ಟರ್ ತಪ್ಪದಿರಲು ಶೇ. 9 ಹಿಟ್ ಬೇಕು. ಸ್ಕಿಲ್ 305 ಆದರೆ ಶೇ. 6 ಸಾಕು. ವೆಪನ್ ಎಕ್ಸ್‌ಪರ್ಟೀಸ್ ಆ 5 ಸ್ಕಿಲ್ ಕೊಡುತ್ತದೆ, ಪ್ರಿಸಿಶನ್ ಶೇ. 5 ಹಿಟ್ ಕೊಡುತ್ತದೆ. ಗೇರ್‌ನಿಂದ ಇನ್ನು ಶೇ. 1 ಬಂದರೆ ಆಯಿತು. ಅದರಾಚೆಯ ಹಿಟ್ ದಂಡವಲ್ಲ, ಎರಡು ಕತ್ತಿಯ ಬಿಳಿ ಹೊಡೆತಗಳು ಹಿಟ್ ಶೇ. 25 ಮುಟ್ಟುವ ತನಕ ತಪ್ಪುತ್ತಲೇ ಇರುತ್ತವೆ. ಸ್ಕಿಲ್‌ನ ಇನ್ನೊಂದು ಲಾಭ ದೊಡ್ಡದು: ಬಾಸ್ ಮೇಲೆ ಬಿಳಿ ಹೊಡೆತಗಳಲ್ಲಿ ಶೇ. 40 ಗ್ಲಾನ್ಸಿಂಗ್ (ಸವರಿಕೊಂಡು ಹೋಗುವ ದುರ್ಬಲ ಹೊಡೆತ) ಆಗುತ್ತವೆ, 300ರಲ್ಲಿ ಅವುಗಳ ಬಲ ಸರಾಸರಿ ಶೇ. 65, 305ರಲ್ಲಿ ಶೇ. 85. ಬಲಗೈಗೆ ಬೀಸಿಗೆ 2.6 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನದ ಕತ್ತಿ, ಯಾಕೆಂದರೆ ಸಿನಿಸ್ಟರ್ ಎಣಿಸುವುದು ಕತ್ತಿಯ ಒಂದೇ ಬೀಸಿನ ಡ್ಯಾಮೇಜ್. ಎಡಗೈಗೆ ವೇಗದ್ದು, ವಿಷ ಹೆಚ್ಚು ಸಲ ಹತ್ತಲಿ ಎಂದು. ವಿಷ ಇನ್‌ಸ್ಟಂಟ್ ಪಾಯಿಸನ್ನೇ ಇರಲಿ. 2019ರ ಕ್ಲಾಸಿಕ್‌ನಲ್ಲಿ ಬಾಸ್ ಮೇಲೆ 16 ಡಿಬಫ್‌ಗೆ (ಶತ್ರುವಿನ ಮೇಲೆ ಹೇರುವ ಕೆಟ್ಟ ಪರಿಣಾಮ) ಮಾತ್ರ ಜಾಗವಿತ್ತು, ಡೆಡ್ಲಿ ಪಾಯಿಸನ್ ಆಗಲಿ ರಪ್ಚರ್ ಆಗಲಿ ಅಲ್ಲಿ ಸೀಟು ಹಿಡಿದರೆ ರೇಡ್‌ನಲ್ಲಿ (ದೊಡ್ಡ ಗುಂಪಿನ ಹೋರಾಟ) ಬೈಸಿಕೊಳ್ಳಬೇಕಿತ್ತು. ವಿಂಡ್‌ಫ್ಯೂರಿ ಟೋಟೆಮ್ (ಹೆಚ್ಚುವರಿ ಹೊಡೆತ ಕೊಡುವ ಶಾಮನ್‌ನ ಕಂಬ) ಇರುವ ಗುಂಪಿನಲ್ಲಿ ಬಲಗೈ ಕತ್ತಿಗೆ ವಿಷ ಸವರಬೇಡಿ, ಟೋಟೆಮ್ ಕೆಲಸ ಮಾಡುವುದಿಲ್ಲ.

ನಿಲ್ಲುವುದು ಬಾಸ್‌ನ ಬೆನ್ನ ಹಿಂದೆ. ಎದುರು ನಿಂತರೆ ಹೊಡೆತ ಪ್ಯಾರಿ ಆಗುತ್ತದೆ, ಅಂದರೆ ಬಾಸ್ ಅದನ್ನು ತಡೆಯುತ್ತದೆ, ಪ್ಯಾರಿ ಆದಾಗಲೆಲ್ಲ ಬಾಸ್‌ನ ಮುಂದಿನ ಏಟು ಟ್ಯಾಂಕ್ (ಬಾಸ್‌ನ ಏಟು ತಿನ್ನಲು ಮುಂದೆ ನಿಂತವರು) ಮೇಲೆ ಬೇಗ ಬೀಳುತ್ತದೆ. ಡ್ಯಾಮೇಜ್ ನಿಮ್ಮದು ಹೋದರೆ ಹೋಗಲಿ, ಸಾಯುವವರು ಟ್ಯಾಂಕ್.

ಕೂಲ್‌ಡೌನ್‌ಗಳಲ್ಲಿ ಜನ ತಪ್ಪುವುದು ಅಡ್ರಿನಲಿನ್ ರಶ್‌ನಲ್ಲಿ. 15 ಸೆಕೆಂಡ್ ಟಿಕ್ 40ಕ್ಕೆ ಏರುತ್ತದೆ. ಎನರ್ಜಿ 80 ಇರುವಾಗ ಒತ್ತಿದರೆ ಮೊದಲ ಟಿಕ್‌ನಲ್ಲೇ 20 ಚೆಲ್ಲಿತು. 20ರ ಆಸುಪಾಸಿಗೆ ಇಳಿಸಿ ಒತ್ತಿ. ಆಗ ಪ್ರತಿ ಟಿಕ್‌ಗೆ ಒಂದು ಸಿನಿಸ್ಟರ್ ಸರಿಹೊಂದುತ್ತದೆ. ಐದರ ಎವಿಸರೇಟ್ ಕೈಬಿಚ್ಚಿ ಹೊಡೆಯಲು ಇದೇ ಕಾಲ. ಬ್ಲೇಡ್ ಫ್ಲರಿ 25 ಎನರ್ಜಿ ತಿನ್ನುತ್ತದೆ, 15 ಸೆಕೆಂಡ್ ವೇಗ ಶೇ. 20 ಏರಿಸುತ್ತದೆ, 2 ನಿಮಿಷಕ್ಕೊಮ್ಮೆ ಸಿಗುತ್ತದೆ. ಸ್ಲೈಸ್ ಉರಿಯುತ್ತಿರುವಾಗಲೇ ಒತ್ತಿ, ಎರಡೂ ಒಂದರ ಮೇಲೊಂದು ಗುಣಿಸಿಕೊಳ್ಳುತ್ತವೆ. ಫ್ಲರಿ ಪಕ್ಕದವನಿಗೂ ಹೊಡೆಯುತ್ತದೆ, ಆ ಪಕ್ಕದವನು ಮೇಜ್ (ಮಾಂತ್ರಿಕ) ಮಂತ್ರ ಹಾಕಿ ಕುರಿ ಮಾಡಿಟ್ಟವನೇ ಅಂತ ಒಮ್ಮೆ ಕಣ್ಣಾಡಿಸಿ. ಥಿಸಲ್ ಟೀ ಒಂದೇ ಗುಟುಕಿಗೆ 100 ಎನರ್ಜಿ. ಎನರ್ಜಿ ಬರಿದಾದಾಗ, ಟಿಕ್ ಬಿದ್ದ ಕೂಡಲೇ ಕುಡಿಯಿರಿ. ರಶ್ ನಡುವೆ ಬೇಡ.

ಥ್ರೆಟ್ (ಬಾಸ್ ಯಾರನ್ನು ಹೊಡೆಯಬೇಕೆಂದು ತೀರ್ಮಾನಿಸುವ ಅಂಕಿ) ವಿಷಯ ಚುಟುಕಾಗಿ: ಹತ್ತಿರ ನಿಂತು ಹೊಡೆಯುವವರು ಟ್ಯಾಂಕ್‌ನ ಶೇ. 110 ದಾಟಿದರೆ ಬಾಸ್ ತಿರುಗುತ್ತದೆ. ಥ್ರೆಟ್ ಇಳಿಸುವ ಫೇಂಟ್‌ಗೆ 20 ಎನರ್ಜಿ, ಅರ್ಧ ಸಿನಿಸ್ಟರ್. ಮೀಟರ್ ನೋಡಿ ಮೊದಲೇ ಹಾಕುವುದು ಅಗ್ಗ. ಕಣ್ಮರೆಯಾಗಿಸುವ ವ್ಯಾನಿಶ್‌ಗೆ ಮುಂಚೆ ಸ್ಟಾಪ್‌ಅಟ್ಯಾಕ್ ಮ್ಯಾಕ್ರೊ ಒತ್ತಿ, ಇಲ್ಲವಾದರೆ ಬೀಸುತ್ತಿರುವ ಕತ್ತಿಯೇ ನಿಮ್ಮನ್ನು ಹೊರಗೆಳೆಯುತ್ತದೆ. ಸಿನಿಸ್ಟರ್ ಮ್ಯಾಕ್ರೊದ ಮೊದಲ ಸಾಲಿಗೆ ಸ್ಟಾರ್ಟ್‌ಅಟ್ಯಾಕ್ ಸೇರಿಸಿಡಿ. ಎನರ್ಜಿ ಇಲ್ಲದಾಗ ಒತ್ತಿದರೂ ಬಿಳಿ ಹೊಡೆತ ಶುರುವಾಗುತ್ತದೆ.

ಬಾಸ್ ಬಿಟ್ಟು ಓಡಬೇಕಾದಾಗ, ಅಂದರೆ ಬಾಂಬ್ ನಿಮ್ಮ ಮೇಲೆ ಬಿದ್ದಾಗ ಅಥವಾ ಗೋಡೆ ಮರೆಗೆ ಹೋಗಬೇಕಾದಾಗ, ಹೊರಡುವ ಮುನ್ನ ಎನರ್ಜಿ ಖಾಲಿ ಮಾಡಿ. 10 ಸೆಕೆಂಡ್ ಹೊರಗಿದ್ದರೆ 100 ತಾನಾಗಿ ತುಂಬುತ್ತದೆ. ತುಂಬಿದ ಪಾತ್ರೆ ಹಿಡಿದು ಓಡಿದರೆ ಅಷ್ಟೂ ಚೆಲ್ಲುತ್ತದೆ. ಪಾಯಿಂಟ್ ಮಾತ್ರ ಉಳಿಸಿಕೊಳ್ಳಿ. ಅವು ಬಾಸ್ ಮೇಲೇ ಕೂತಿರುತ್ತವೆ, ವಾಪಸ್ ಬಂದ ಕೂಡಲೇ ಸ್ಲೈಸ್ ಆಗುತ್ತವೆ. ದಾರಿಯಲ್ಲಿ ಬೇರೆ ಯಾವುದಕ್ಕಾದರೂ ಒಂದು ಸಿನಿಸ್ಟರ್ ಕೊಟ್ಟಿರೋ, ಬಾಸ್ ಮೇಲಿನ ಪಾಯಿಂಟೆಲ್ಲ ಹೋಯಿತು.

ಈ ಲೆಕ್ಕವೆಲ್ಲ ತಲೆಕೆಳಗಾಗುವ ಬಾಸ್ ಒಂದಿದೆ, ಬ್ಲ್ಯಾಕ್‌ವಿಂಗ್ ಲೇರ್ ರೇಡ್‌ನ ವೇಲಸ್ಟ್ರಾಜ್. ಅಲ್ಲಿ ಎಲ್ಲರಿಗೂ ಸಿಗುವ ಎಸೆನ್ಸ್ ಆಫ್ ದ ರೆಡ್ ಬಫ್ 3 ನಿಮಿಷ ಪ್ರತಿ ಸೆಕೆಂಡಿಗೆ 50 ಎನರ್ಜಿ ಸುರಿಯುತ್ತದೆ, ಸಿನಿಸ್ಟರ್‌ಗೆ ಬೇಕಾದದ್ದು 40. ಅಲ್ಲಿ ಕೊರತೆ ಎನರ್ಜಿಯದಲ್ಲ, ಆ 1 ಸೆಕೆಂಡಿನ ಗ್ಲೋಬಲ್ ಕೂಲ್‌ಡೌನ್‌ನದು. ಅಡ್ರಿನಲಿನ್ ರಶ್, ಥಿಸಲ್ ಟೀ ಎರಡೂ ದಂಡ, ಮುಂದಿನ ಬಾಸ್‌ಗೆ ಉಳಿಸಿ. ಒಂದು ಸೆಕೆಂಡೂ ಬಿಡದೆ ಒತ್ತುತ್ತಿರಿ: ಸ್ಲೈಸ್ ಒಮ್ಮೆ ಐದಕ್ಕೆ, ಮುಂದಿನ 30 ಸೆಕೆಂಡ್ ಐದೈದರ ಎವಿಸರೇಟ್ ಸಾಲಾಗಿ. ಟ್ಯಾಂಕ್‌ಗಳು ಒಬ್ಬರ ಹಿಂದೊಬ್ಬರು ಸಾಯುವ ಹೋರಾಟವಾದ್ದರಿಂದ ಅಲ್ಲಿ ಕಣ್ಣು ಮೀಟರ್‌ಗಿಂತ ಥ್ರೆಟ್ ಪಟ್ಟಿಯ ಮೇಲಿರಲಿ.

ಕ್ಲಾಸಿಕ್‌ನ ಪಟ್ಟಣಗಳಲ್ಲಿ ಹೊಡೆದು ಕಲಿಯಲು ಗೊಂಬೆಗಳಿಲ್ಲ, ಹಾಗಾಗಿ ರೇಡ್ ಆದ ಮೇಲೆ ಹೋರಾಟದ ದಾಖಲೆ, ಅಂದರೆ ಲಾಗ್ ತೆರೆದು ನೋಡುವುದೇ ಅಭ್ಯಾಸ. ನಾನು ಮೊದಲು ನೋಡುವುದು ಒಟ್ಟು ಡ್ಯಾಮೇಜ್ ಅಲ್ಲ, ಬಫ್ ಪಟ್ಟಿಯಲ್ಲಿ ಸ್ಲೈಸ್‌ನ ಗೆರೆ. ನಿಂತಲ್ಲೇ ಹೊಡೆಯುವ ಬಾಸ್‌ನಲ್ಲಿ ಶೇ. 95ಕ್ಕಿಂತ ಕೆಳಗಿದ್ದರೆ ಗೆರೆ ತುಂಡಾದ ಜಾಗಕ್ಕೆ ಹೋಗಿ ಅದರ ಹಿಂದಿನ 20 ಸೆಕೆಂಡಿನ ಬಟನ್‌ಗಳನ್ನು ಓದುತ್ತೇನೆ. ಹತ್ತರಲ್ಲಿ ಎಂಟು ಸಲ ಅಲ್ಲಿ ತಡವಾಗಿ ಹೊಡೆದ ಒಂದು ಎವಿಸರೇಟ್ ಕೂತಿರುತ್ತದೆ.